ಚಪ್ಪಲಿಗಳ ಸಾಲು

“ಒಬ್ಬೊಬ್ರೂ ಒಂದೊಂದು ಕಾಲಿನ ಚಪ್ಪಲಿ ಬಿಡಿ. ಚಪ್ಪಲಿ ಎಲ್ಲಿದೆಯೋ ಅಲ್ಲೇ ನಿಮ್ಮ ಜಾಗ. ಆಮೇಲೆ ಗೋಡೆಗೊರಗಿ ಎಷ್ಟು ಬೇಕಾದ್ರೂ ಗೊರಕೆ ಹೊಡ್ಕೊಳ್ಳಿ!”

ಸಂಗೀತ ಭವನದ ಟಿಕೆಟ್ ಕಿಟಕಿಯೆದುರು ರಾತ್ರಿ ಹೀಗೆ ಕಾನೂನು ಮಾಡಿದವನು ನಿವೃತ್ತ ಬಸ್ ಕಂಡಕ್ಟರ್. ಮೂವತ್ತು ವರ್ಷ ಜನರನ್ನು ಗದರಿಸಿ ಪಳಗಿದ ಗಂಟಲು. ಎಲ್ಲರೂ ತೆಪ್ಪಗೆ ಒಂದೊಂದು ಚಪ್ಪಲಿ ಬಿಟ್ಟರು. ಸಾಲಿನಲ್ಲಿ ಮೊದಲನೆಯವನು ಅವನ ಗೆಳೆಯ ಅಂಟಣ್ಣ, ಎರಡನೆಯವನು ಅವನೇ. ಅಂಟಣ್ಣನದು ಚಪ್ಪಲಿ ರಿಪೇರಿ ಅಂಗಡಿ. ಬೆರಳಿಗೆ ಸದಾ ಅಂಟು ಮೆತ್ತಿಕೊಂಡಿರುತ್ತಿದ್ದುದಕ್ಕೆ ಬಿದ್ದ ಹೆಸರು ಅದು. ಹೆಸರಾಂತ ಗಾಯಕಿಯೊಬ್ಬಳ ಕಛೇರಿಗೆ ಉಳಿದಿರುವುದು ಮೂವತ್ತೇ ಟಿಕೆಟ್, ಬೆಳಿಗ್ಗೆ ಮಾರಾಟ, ಅದೂ ತಲೆಗೊಂದೇ. ಸಂಗೀತದ ಗಂಧವೇ ಇಲ್ಲದ ಕಂಡಕ್ಟರ್ ಬಂದಿದ್ದದ್ದು ಬರೀ ತಲೆ ಲೆಕ್ಕಕ್ಕೆ, ಗೆಳೆಯನಿಗೆ ಎರಡನೆಯ ಟಿಕೆಟ್ ಕೊಡಿಸಲು.

ಅಂಟಣ್ಣನ ಹೆಂಡತಿಗೆ ಆ ಗಾಯಕಿಯೆಂದರೆ ಪ್ರಾಣ. ಹಿಂದೆ ಎರಡು ಸಲ ಗಾಯಕಿ ಊರಿಗೆ ಬಂದಾಗಲೂ ಇವನು ಯಾರದೋ ಬೂಟಿಗೆ ಅಟ್ಟೆ ಹೊಡೆಯುತ್ತ ಕೂತುಬಿಟ್ಟಿದ್ದ. “ನಿಮಗೆ ಹೆಂಡ್ತಿಗಿಂತ ಊರವರ ಕಾಲೇ ಹೆಚ್ಚು,” ಎಂದಿದ್ದಳು. ಈ ಸಲ ಅವಳು ಏನೂ ಅನ್ನಲಿಲ್ಲ. ಅದಕ್ಕೇ ಅವನಿಗೆ ಭಯ ಹತ್ತಿದ್ದು.

ಕಂಡಕ್ಟರ್ ಬಿದ್ದಲ್ಲೇ ಗೊರಕೆ ಹೊಡೆದ. ಅಂಟಣ್ಣನಿಗೆ ಕಣ್ಣಿಗೆ ಕಣ್ಣು ಹತ್ತಲಿಲ್ಲ. ಎದುರಿಗೆ ಐವತ್ತು ಚಪ್ಪಲಿ! ಒಂದರ ಅಟ್ಟೆ ಬಾಯ್ಬಿಟ್ಟಿದೆ, ಇನ್ನೊಂದರ ಪಟ್ಟಿ ಕಿತ್ತು ನೇತಾಡುತ್ತಿದೆ. ದಬ್ಬಳ, ದಾರ, ಅಂಟಿನ ಟ್ಯೂಬು ಹೇಗೂ ಜೇಬಿನಲ್ಲಿದ್ದವು. ಒಂದೇ ಒಂದು ಎಂದುಕೊಂಡು ಕಿಟಕಿಯ ದೀಪದಡಿ ಕೂತ. ಒಂದಕ್ಕೆ ಎರಡು ಹೊಲಿಗೆ, ಮತ್ತೊಂದಕ್ಕೆ ತೊಟ್ಟು ಅಂಟು. ಮುಗಿದದ್ದನ್ನು ಅಂಗಡಿಯ ಅಭ್ಯಾಸದಂತೆ ಮುಂದಕ್ಕಿಡುತ್ತ ಹೋದ. ಕೈಗೆ ಬಂದ ಅಭ್ಯಾಸ ನೋಡಿ, ತಲೆಯನ್ನು ಕೇಳುವುದಿಲ್ಲ.

ಬೆಳಿಗ್ಗೆ ಕಿಟಕಿ ತೆರೆದಾಗ ರಿಪೇರಿಯಾದ ಇಪ್ಪತ್ತೊಂಬತ್ತು ಚಪ್ಪಲಿಗಳು ಎಲ್ಲಕ್ಕೂ ಮುಂದೆ ಕೂತಿದ್ದವು. ಮೂವತ್ತನೆಯದು ಅಂಟಣ್ಣನದು. ಮೂವತ್ತೊಂದನೆಯದು ಕಂಡಕ್ಟರನದು.

“ಅಯ್ಯೋ ನಿನ್ನ ಮನೆ ಕಾಯ್ವಾಗ! ಏನೋ ಮಾಡಿದೆ ಇದು?” ಕಂಡಕ್ಟರ್ ಹಣೆ ಹಣೆ ಚಚ್ಚಿಕೊಂಡ. “ರೀ, ಎಲ್ಲಾ ಮೊದಲಿನ ಹಾಗೇ ನಿಂತ್ಕೊಳ್ಳಿ!”

ಕಟ್ಟಕಡೆಗೆ ಬಂದಿದ್ದ ದಪ್ಪನೆಯ ಹೆಂಗಸೊಬ್ಬಳು ಈಗ ಎಲ್ಲರಿಗಿಂತ ಮುಂದಿದ್ದಳು. “ಚಪ್ಪಲಿ ಎಲ್ಲಿದೆಯೋ ಅಲ್ಲೇ ಜಾಗ ಅಂತ ನೀವೇ ಅಲ್ವಾ ಕಿರುಚಿದ್ದು?” ಎಂದು ಚಪ್ಪಲಿ ಮೆಟ್ಟಿ, ಕಾಲೆತ್ತಿ ನೋಡಿ, “ಹೊಲಿಗೆ ಮಾತ್ರ ಭರ್ಜರಿ ಕಣಣ್ಣಾ,” ಎಂದು ಟಿಕೆಟ್ ಕೊಂಡಳು. ಹಿಂದೆ ಬಿದ್ದವರು ಬಾಯಿಗೆ ಬಂದದ್ದು ಬೈದರು. ಅಂಟಣ್ಣ ತಲೆ ತಗ್ಗಿಸಿಕೊಂಡು ಕೊನೆಯ ಟಿಕೆಟ್ ತೆಗೆದುಕೊಂಡ.

“ಒಂದೇನಾ?” ಎಂದಳು ಮನೆಯಲ್ಲಿ ಹೆಂಡತಿ. ಅವನು ಎಲ್ಲವನ್ನೂ ಒಪ್ಪಿಸಿದ. ಅವಳು ಅವನ ಬೆರಳು ನೋಡಿದಳು. “ಇಪ್ಪತ್ತೊಂಬತ್ತಾ!” ಎಂದವಳು ನಗಬೇಕೋ ಅಳಬೇಕೋ ತಿಳಿಯದೆ ಸುಮಾರು ಹೊತ್ತು ಒಳಗೆ ಪಾತ್ರೆ ಸದ್ದು ಮಾಡಿದಳು. ಆಮೇಲೆ ತೀರ್ಪು ಬಂತು: “ಮಧ್ಯಂತರದವರೆಗೆ ನಾನು, ಆಮೇಲೆ ನೀವು. ಹೊರಗೇ ನಿಂತಿರಿ. ಟಿಕೆಟ್ ತಂದು ಕೊಡ್ತೀನಿ.”

ಕಛೇರಿಯ ಸಂಜೆ ಅಂಟಣ್ಣ ಬೆರಳು ಉಜ್ಜಿ ಉಜ್ಜಿ ತೊಳೆದು, ಇಸ್ತ್ರಿ ಅಂಗಿ ತೊಟ್ಟು ಭವನದ ಮೆಟ್ಟಿಲ ಬಳಿ ನಿಂತ. ಜೊತೆಗೆ ಕಂಡಕ್ಟರೂ ಇದ್ದ. ಮಧ್ಯಂತರವಾಯಿತು. ಜನ ಹೊರಬಂದು ಕಾಫಿ ಕುಡಿದರು, ಕೆಮ್ಮಿದರು, ಹರಟಿದರು. ಅವಳು ಬರಲಿಲ್ಲ. ಗಂಟೆ ಹೊಡೆಯಿತು. ಜನ ಒಳಗೆ ಹೋದರು.

“ನಿನ್ನನ್ನ ಮರೆತೇಬಿಟ್ಟಳಲ್ಲೋ! ಒಳಗೆ ಹೋಗಿ ಕೂಗ್ಲಾ?”

“ಕೂಗಿದ್ಯೋ, ನಿನ್ನ ಬಾಯಿ ಹೊಲೀತೀನಿ. ಮೈಮರೆತು ಕೇಳ್ತಿದಾಳೆ, ಕೇಳ್ಲಿ,” ಎಂದ ಅಂಟಣ್ಣ. ಅವನಿಗೆ ನಗು ತಡೆಯಲಾಗುತ್ತಿರಲಿಲ್ಲ.

ಕಾವಲುಗಾರ ಬಾಗಿಲು ಎಳೆದುಕೊಂಡ. ಒಳಗೆ ಹಾಡು ಶುರುವಾಯಿತು. ಅಂಟಣ್ಣ ಮೆಟ್ಟಿಲ ಮೇಲೆ, ಅಂಗಿ ಮುದುಡದ ಹಾಗೆ, ನೆಟ್ಟಗೆ ಕೂತ.