ಮುಚ್ಚದ ಗೋಡೆ

"ಏಳ್ತೀರೋ, ಇಲ್ಲ ನಿಮ್ಮನ್ನೂ ಸೇರಿಸಿ ಹಲಗೆ ಹೊಡೆಸ್ಲೋ?" ಎಂದ ಕಂಟ್ರಾಕ್ಟರ್ ಡ್ವೇನ್.

ಪೆರ್ಲಿಟಾ ಅಗ್ಬಯಾನಿ ಏಳಲಿಲ್ಲ. ಅಮೆರಿಕದ ಟಕೋಮಾದ ಬಂದರಿಗೆ ಮುಖ ಮಾಡಿ ಏಳುತ್ತಿದ್ದ ಆ ಮರದ ವಸತಿ ಕಟ್ಟಡದ ಐದನೇ ಮಹಡಿಯಲ್ಲಿ, ಬೋರಲು ಹಾಕಿದ ಬಕೆಟ್ಟಿನ ಮೇಲೆ, ಗೋಡೆಯ ತುದಿಯ ಕಂಬಗಳಿಗೆ ಬೆನ್ನು ಕೊಟ್ಟು ಕೂತಿದ್ದಳು. ಅರವತ್ತರ ಹತ್ತಿರದ ಹೆಂಗಸು. ಕಟ್ಟಡದ ಬಲಾಬಲದ ಲೆಕ್ಕವೆಲ್ಲ ಅವಳದು. ನಕ್ಷೆಯ ಮೇಲಿನ ಇಂಜಿನಿಯರ್ ಮುದ್ರೆಯೂ ಅವಳದೇ. ಗೋಡೆ ಮುಚ್ಚಲು ಜಿಪ್ಸಂ ಹಲಗೆ ಹಿಡಿದ ಇಬ್ಬರು ಆಳುಗಳು ಎತ್ತ ನೋಡುವುದೆಂದು ತಿಳಿಯದೆ ನಿಂತಿದ್ದರು.

ಭೂಮಿ ನಡುಗಿದರೆ ಇಂಥ ಗೋಡೆಯ ಒಂದು ತುದಿ ನೆಲ ಬಿಟ್ಟು ಏಳುತ್ತದೆ. ಏಳದಂತೆ ತಳಪಾಯದಿಂದ ಸೂರಿನವರೆಗೆ ಉಕ್ಕಿನ ಸರಳು ಹಾಯಿಸಿ, ಮಹಡಿ ಮಹಡಿಗೂ ನಟ್ಟು ಬಿಗಿಯುತ್ತಾರೆ. ಆದರೆ ಮರ ಒಣಗುತ್ತಾ ಕುಗ್ಗುತ್ತದೆ. ಕಟ್ಟಡ ತಗ್ಗುತ್ತದೆ, ಸರಳು ತಗ್ಗುವುದಿಲ್ಲ. ನಟ್ಟು ಗಾಳಿಯಲ್ಲಿ ನಿಂತುಬಿಡುತ್ತದೆ. ಆ ಸಂದನ್ನು ತಾವಾಗಿ ತುಂಬಿಕೊಳ್ಳುವ ಸ್ಪ್ರಿಂಗ್ ಬಿಲ್ಲೆಗಳನ್ನು ಪೆರ್ಲಿಟಾ ನಕ್ಷೆಯಲ್ಲಿ ತೋರಿಸಿದ್ದಳು. ಡ್ವೇನ್ ಅವನ್ನು ಕೈಬಿಟ್ಟು ಬರೀ ನಟ್ಟು ಹಾಕಿಸಿದ್ದ. ಬೆಳಿಗ್ಗೆ ಅವಳು ನೋಡಿದಾಗ ನಟ್ಟಿನ ಕೆಳಗೆ ಕಿರುಬೆರಳು ಸಲೀಸಾಗಿ ತೂರಿತ್ತು.

"ಮತ್ತೆ ಬಿಗಿಸ್ತೀನಿ ಅಂದೆನಲ್ಲ," ಎಂದ ಡ್ವೇನ್.

"ಇವತ್ತು ಬಿಗಿಸ್ತೀರಿ. ಮರ ಇನ್ನೂ ಒಣಗ್ತಾನೇ ಇರುತ್ತೆ. ಆಮೇಲೆ ಯಾರ ಮನೆ ಗೋಡೆ ಒಡೆದು ಬಿಗಿಸ್ತೀರಿ?"

"ಇನ್‌ಸ್ಪೆಕ್ಟರೇ ಸರಿ ಅಂದು ಹೋದ್ರು."

"ಲಿಫ್ಟ್ ಇಲ್ದೆ ಎಷ್ಟನೇ ಮಹಡಿವರೆಗೆ ಹತ್ತಿದ್ರು ಅಂತ ಕೇಳಿದ್ರಾ?"

ಆಳುಗಳಲ್ಲೊಬ್ಬ ನಕ್ಕು, ಕೆಮ್ಮಿದಂತೆ ಮಾಡಿದ. ಅಷ್ಟರಲ್ಲಿ ಪೆರ್ಲಿಟಾಳ ಫೋನು ಹೊಡೆದುಕೊಂಡಿತು. ಅವಳ ಕಂಪನಿಯ ಯಜಮಾನ ಸ್ಟೆಲನ್.

"ಸುಮ್ನೆ ವಾಪಸ್ ಬಂದ್ಬಿಡಿ ಪೆರ್ಲಿಟಾ. ಡ್ವೇನ್ ನಮಗೆ ಇನ್ನೂ ಎಷ್ಟೋ ಕಟ್ಟಡಗಳ ಕೆಲಸ ಕೊಡೋನು."

"ಅವನ್ನೂ ಹೀಗೇ ಕಟ್ತಾನಾ?"

"ನಗರಸಭೆಗೆ ಏನಾದ್ರೂ ಬರೆದ್ರೆ, ಸೋಮವಾರದಿಂದ ಆಫೀಸಿಗೆ ಬರೋ ತೊಂದರೆ ತಗೋಬೇಡಿ."

ಅವನ ಕೈಕೆಳಗೇ ಅವಳ ತಲೆ ನರೆತಿತ್ತು. ಈ ವಯಸ್ಸಿನಲ್ಲಿ ಇನ್ನಾರು ಕರೆದು ಕೆಲಸ ಕೊಡುತ್ತಾರೆ? ಆದರೂ ಚಳಿಗೆ ಸೆಟೆದ ಬೆರಳುಗಳಿಂದ ಫೋನಿನಲ್ಲೇ ಟೈಪು ಮಾಡಿದಳು. ಎಲ್ಲರಿಗೂ ಕೇಳುವಂತೆ ಓದಿದಳು: "ಈ ಕಟ್ಟಡ ನನ್ನ ನಕ್ಷೆಯಂತೆ ಇಲ್ಲ. ಗೋಡೆಗಳನ್ನು ಮುಚ್ಚಬಾರದು." ನಗರಸಭೆಗೆ ಕಳಿಸಿಯೂ ಬಿಟ್ಟಳು.

"ಕೆಲಸ ಹೋಯ್ತು ಅಂತ ತಿಳ್ಕೊಳ್ಳಿ," ಎಂದ ಡ್ವೇನ್.

"ಹೋಗ್ಲಿ. ಮುದ್ರೆ ನಂದು, ಸ್ಟೆಲನ್‌ದಲ್ಲ."

ಡ್ವೇನ್ ಹಲಗೆ ಕೆಲಸದ ಮೇಸ್ತ್ರಿಯತ್ತ ತಿರುಗಿದ. "ಎವಾರಿಸ್ತೊ, ಆ ಕಡೆ ಗೋಡೆಯಿಂದ ಶುರು ಮಾಡು. ಇವರು ಎಷ್ಟು ಗೋಡೆ ಅಂತ ಕಾಯ್ತಾರೋ ನೋಡೇಬಿಡೋಣ."

ಅದು ನಿಜವೇ. ಇಡೀ ಕಟ್ಟಡಕ್ಕೆ ಅಡ್ಡ ಕೂರಲು ಅವಳಿಗಿದ್ದದ್ದು ಒಂದೇ ಬೆನ್ನು. ಪೆರ್ಲಿಟಾ ಮಂಡಿ ಹಿಡಿದು ಎದ್ದಳು.

"ಮುಚ್ಚಿ ಎವಾರಿಸ್ತೊ. ಹೇಗೂ ನಗರಸಭೆಯವರು ಬಂದು ಒಡೆಸ್ತಾರೆ."

ಎವಾರಿಸ್ತೊ ಗಡ್ಡ ಕೆರೆದುಕೊಂಡ. "ಒಡೆಯೋರೂ ನಾವೇನಾ ಅಮ್ಮಾ?"

"ಇನ್ಯಾರು?"

ಅವನು ಡ್ವೇನ್‌ನನ್ನು ನೋಡಿದ, ರಾಶಿ ಬಿದ್ದಿದ್ದ ಹಲಗೆಗಳನ್ನು ನೋಡಿದ. "ಒಂದೇ ಗೋಡೆಗೆ ಎರಡೆರಡು ಸಲ ಸೊಂಟ ಮುರ್ಕೊಳ್ಳೋಕೆ ನಮ್ಮಮ್ಮ ನನ್ನ ಹೆತ್ತಿಲ್ಲ ಸ್ವಾಮಿ. ಇಳಿಸ್ರೋ."

ಆಳುಗಳು ಹಲಗೆ ಇಳಿಸಿದರು. ಡ್ವೇನ್ ಮೆಟ್ಟಿಲಿಳಿದು ಹೋದ. ಅವನ ಬೈಗುಳ ಮಹಡಿಯಿಂದ ಮಹಡಿಗೆ ತೆಳುವಾಗುತ್ತಾ ಹೋಯಿತು.

ಸ್ಟೆಲನ್ ಆಡಿದ ಮಾತಿಗೆ ತಪ್ಪಲಿಲ್ಲ. ಸೋಮವಾರ ಪೆರ್ಲಿಟಾಳ ಸಾಮಾನು ರಟ್ಟಿನ ಪೆಟ್ಟಿಗೆ ಸೇರಿ ಬಾಗಿಲ ಬಳಿ ಕಾದಿತ್ತು: ಸ್ಕೇಲು, ಶಾಲು, ಮಧ್ಯಾಹ್ನದ ಅನ್ನಕ್ಕೆಂದು ಇಟ್ಟುಕೊಂಡಿದ್ದ ಪುಟ್ಟ ಕುಕ್ಕರು. ನಗರಸಭೆಯವರು ಆ ವಾರವೇ ಕೆಲಸ ನಿಲ್ಲಿಸಿದರು. ಬಿಲ್ಲೆಗಳು ಬರುವ ಹೊತ್ತಿಗೆ ಚಳಿ ಕಳೆದಿತ್ತು.

ಒಂದು ಸಂಜೆ ಪೆರ್ಲಿಟಾ ಬಂದರಿನ ಬಸ್ ನಿಲ್ದಾಣದಲ್ಲಿ ನಿಂತು ತಲೆಯೆತ್ತಿದಳು. ಐದನೇ ಮಹಡಿಯಲ್ಲಿ ಗೋಡೆ ಗೋಡೆಯ ತುದಿಗೂ ಯಾರೋ ಮಂಡಿಯೂರಿ ಬಿಲ್ಲೆ ಕೂರಿಸುತ್ತಿದ್ದರು. ಕಂಬಗಳ ನಡುವೆ ಆ ಕಡೆಯ ಆಕಾಶ ಕಾಣುತ್ತಿತ್ತು. ಬಸ್ಸು ಬಂತು, ಬಾಗಿಲು ತೆರೆಯಿತು, ಸ್ವಲ್ಪ ಹೊತ್ತು ಕಾದು ಹೋಯಿತು. ಅವಳು ಹತ್ತಲಿಲ್ಲ.