ಪೈನ್ ಕಾಯಿ ಇಟ್ಟ ಕುರ್ಚಿ

ವೆಂಡಿ ಅಮ್ಮನ ಕೈಚೀಲವನ್ನು ಹಾಸಿಗೆಯ ಮೇಲೆ ಬೋರಲು ಹಾಕಿ ಕೊಡವಿದಳು. ತನ್ನನ್ನು ಮಣ್ಣು ಮಾಡುವ ದಿನ ಚರ್ಚಿನಲ್ಲಿ ಹಾಡಬೇಕಾದ ಹಾಡುಗಳ ಚೀಟಿ ಅದರಲ್ಲೇ ಇದೆ ಎಂದು ಅಮ್ಮ ಆಸ್ಪತ್ರೆಯಲ್ಲಿ ಹೇಳಿದ್ದಳು. ಪುದೀನ ಮಿಠಾಯಿ ಬಿತ್ತು, ಬಸ್ ಪಾಸು ಬಿತ್ತು, ಚೀಟಿಯೂ ಬಿತ್ತು. ಕೊನೆಗೆ ಗಂಟು ಹಾಕಿದ ಕರವಸ್ತ್ರದೊಳಗಿಂದ ಒಂದು ಮರದ ಗುಲಾಬಿ ಉರುಳಿತು. ಹೆಬ್ಬೆರಳಿನಷ್ಟು ದಪ್ಪ, ಮೇಲೆ ಚಿನ್ನದ ಬಣ್ಣ.

ಬಾಗಿಲಲ್ಲಿ ಟೋಪಿಗೆ ಪಿನ್ನು ಚುಚ್ಚಿಕೊಳ್ಳುತ್ತಿದ್ದ ಚಿಕ್ಕಮ್ಮ ಬೆರಿಲ್ ಕೈ ಮೇಲೆತ್ತಿದವಳು ಹಾಗೇ ನಿಂತಳು.

"ಅದು ಮಹಲಿನ ಕುರ್ಚೀದಲ್ವೇನೇ? ಕಳುವಾಯ್ತು ಅಂದ್ರಲ್ಲ?"

"ಅದೇ ಚಿಕ್ಕಮ್ಮ."

ವೆನ್‌ಬರಿ ಮಹಲಿನ ಹಸಿರು ಕೋಣೆಯಲ್ಲಿ ವೆಂಡಿಯ ಅಮ್ಮ ಮೇವಿಸ್ ಮೂವತ್ತು ವರ್ಷ, ಪ್ರತಿ ಬುಧವಾರ, ಭಾನುವಾರ ನಿಂತಿದ್ದಳು. ಮಹಲು ನೋಡಲು ಬಂದವರಿಗೆ ಕೋಣೆಯ ಕತೆ ಹೇಳುವುದು ಅವಳ ಕೆಲಸ. ಒಡತಿ ಲೇಡಿ ಮಾರ್ಗರಿ ಕೊಡುತ್ತಿದ್ದದ್ದು ಸಂಬಳವಲ್ಲ, ಮಧ್ಯಾಹ್ನ ಒಂದು ಚಹಾ. ಕೋಣೆಯ ಹೆಮ್ಮೆಯೆಂದರೆ ಒಂದು ಕುರ್ಚಿ. ಯಾವುದೋ ರಾಜ ಬೂಟು ಬಿಚ್ಚಲು ಅದರಲ್ಲಿ ಕೂತಿದ್ದನಂತೆ. ಬೆನ್ನಿನ ಮೇಲೆ ನಾಲ್ಕು ಗುಲಾಬಿ. ಇಪ್ಪತ್ತೊಂದು ವರ್ಷದ ಹಿಂದೆ ಒಂದು ಮಾಯವಾಗಿತ್ತು. ನೋಡಲು ಬಂದವರಲ್ಲಿ ಯಾರೋ ಕಿತ್ತುಕೊಂಡು ಹೋದರು ಎಂದು ಊರೆಲ್ಲ ಆಡಿಕೊಂಡಿತು. ಮೇವಿಸ್ ಕೂಡ ಹಾಗೇ ಹೇಳುತ್ತಿದ್ದಳು.

"ಅಮ್ಮಾನೇ ತಗೊಂಡಿದ್ಳಾ?"

"ಬಾಯ್ಮುಚ್ಚು. ಬಸ್ಸಲ್ಲಿ ಯಾರೋ ಮರೆತ ಕೊಡೆ ವಾಪಸ್ ಕೊಡೋಕೆ ಹನ್ನೊಂದು ಮೈಲಿ ಹೋದೋಳು ನಿಮ್ಮಮ್ಮ. ದಾರೀಲಿ ಮಳೆ ಬಂದ್ರೂ ಅದನ್ನ ಬಿಚ್ಚಲಿಲ್ಲ, ನೆನೆದ್ಕೊಂಡೇ ಹೋದ್ಲು, ಪೆದ್ದಿ."

"ಮತ್ತೆ ಇದು?"

ಬೆರಿಲ್ ಪಿನ್ನನ್ನು ಟೋಪಿಗೆ ಚುಚ್ಚಿ ಮುಗಿಸಿದಳು. "ಪೆಟ್ಟಿಗೇಲಿ ಹಾಕ್ಬಿಡು. ಅವಳ ಜೊತೇಲೇ ಹೋಗ್ಲಿ," ಎಂದಳು.

"ಮಣ್ಣಾದ ಮೇಲೆ ಚಹಾ ಇರೋದು ಮಹಲಲ್ಲೇ. ಲೇಡಿ ಮಾರ್ಗರಿ ತಾವಾಗೇ ಕರೆದಿದ್ದಾರೆ. ಅವರ ಮುಖ ಹೇಗೆ ನೋಡ್ಲಿ ನಾನು?"

ಕೆಳಗಿನಿಂದ ಮಗಳು ಟೆಸ್ಸಾ ಕೂಗಿದಳು. "ಅಮ್ಮಾ, ಅಜ್ಜಿ ಗಾಡಿ ಬಂತು!"

ವೆಂಡಿ ಗುಲಾಬಿಯನ್ನು ಕೋಟಿನ ಜೇಬಿಗೆ ಹಾಕಿಕೊಂಡಳು.

*

ಟೆಸ್ಸಾ ಇನ್ನೂ ಹೊಟ್ಟೆಯಲ್ಲಿದ್ದಾಗ, ಎಂಟು ತಿಂಗಳಲ್ಲಿ, ವೆಂಡಿ ಒಂದು ಭಾನುವಾರ ಅಮ್ಮನನ್ನು ನೋಡಲು ಮಹಲಿಗೆ ಹೋಗಿದ್ದಳು. ಸುಡುವ ಬಿಸಿಲು. ಮೆಟ್ಟಿಲು ಹತ್ತುವಷ್ಟರಲ್ಲಿ ಕಾಲು ಊದಿ ಚಪ್ಪಲಿಯ ಪಟ್ಟಿ ಚರ್ಮಕ್ಕೆ ಕಚ್ಚಿತ್ತು. ಹಸಿರು ಕೋಣೆಯಲ್ಲಿ ಇದ್ದದ್ದು ಅದೊಂದೇ ಕುರ್ಚಿ, ಅದರ ಮೇಲೊಂದು ಪೈನ್ ಕಾಯಿ. ಕೂರಬೇಡಿ ಎಂಬ ಹಲಗೆ ಇಂಥ ಮನೆಗಳಲ್ಲಿ ಹಾಕುವುದಿಲ್ಲ. ಒಣಗಿದ ಪೈನ್ ಕಾಯಿ ಇಟ್ಟರೆ ಸಾಕು, ಜನಕ್ಕೆ ತಿಳಿಯುತ್ತದೆ.

"ಒಂದೇ ನಿಮಿಷ ಅಮ್ಮ."

"ಅದು ಕೂರೋದಕ್ಕಲ್ಲ ಕಂದಾ."

"ತಲೆ ಸುತ್ತುತ್ತಿದೆ."

ಮೇವಿಸ್ ಪೈನ್ ಕಾಯಿಯತ್ತ ನೋಡಿದಳು, ಮಗಳತ್ತ ನೋಡಿದಳು. ಆಮೇಲೆ ಅವಳ ಸೊಂಟಕ್ಕೆ ಕೈ ಕೊಟ್ಟು ಆಳುಗಳು ಓಡಾಡುತ್ತಿದ್ದ ಹಿಂದಿನ ಮೆಟ್ಟಿಲಿಗೆ ಕರೆದೊಯ್ದು, ತಣ್ಣನೆಯ ಕಲ್ಲಿನ ಮೇಲೆ ಕೂರಿಸಿದಳು. ಕೆಳಗೆ ಮಂಡಿಯೂರಿ ಚಪ್ಪಲಿ ಬಿಚ್ಚಿ ಪಾದ ತಿಕ್ಕಿದಳು. ವೆಂಡಿಗೆ ಆ ಪಾದ ತಿಕ್ಕಿದ್ದು ಬೇಗ ಮರೆತುಹೋಯಿತು. ಕುರ್ಚಿ ಮರೆಯಲಿಲ್ಲ. ಜಗಳ ಬಂದಾಗಲೆಲ್ಲ, "ನಿನಗೆ ನನಗಿಂತ ಆ ಕುರ್ಚೀನೇ ಹೆಚ್ಚು," ಎನ್ನುತ್ತಿದ್ದಳು. ಅಮ್ಮ ಚಹಾಕ್ಕೆ ನೀರಿಡಲು ಏಳುತ್ತಿದ್ದಳು.

*

ಚರ್ಚಿನಲ್ಲಿ ಪಾದ್ರಿ ಮೇವಿಸ್‌ಳ ಪ್ರಾಮಾಣಿಕತೆಯನ್ನು ಹೊಗಳಿದಾಗ ವೆಂಡಿ ಜೇಬಿನೊಳಗೆ ಮುಷ್ಟಿ ಬಿಗಿ ಹಿಡಿದಳು. ಮರದ ಎಸಳು ಅಂಗೈಗೆ ಒತ್ತಿತು.

ಮಹಲಿನ ಅಡುಗೆಮನೆಯ ಉದ್ದ ಮೇಜಿನ ಮೇಲೆ ಚಹಾ ಇಟ್ಟಿದ್ದರು.

"ಸೌತೆಕಾಯಿ ಸ್ಯಾಂಡ್‌ವಿಚ್ ಎಷ್ಟು ತೆಳು ನೋಡು," ಎಂದು ಬೆರಿಲ್ ಪಿಸುಗುಟ್ಟಿದಳು. "ಎತ್ತಿ ಹಿಡಿದ್ರೆ ಆಚೆ ಪಾದ್ರಿ ಕಾಣ್ತಾರೆ. ಹೋಗು, ಹೇಳಿ ಮುಗಿಸು. ನಿನ್ನ ಮುಖ ನೋಡಿದ್ರೆ ಈಗ ಬೀಳೋ ಹಾಗಿದ್ದೀಯ."

ಲೇಡಿ ಮಾರ್ಗರಿಗೆ ಎಂಬತ್ತೆಂಟು. ಮೊಣಕೈ ಹರಿದ ಸ್ವೆಟರಿನಲ್ಲಿ ತಾವೇ ಚಹಾ ಸುರಿಯುತ್ತಿದ್ದರು. ವೆಂಡಿ ಹತ್ತಿರ ಹೋಗಿ ಗುಲಾಬಿಯನ್ನು ಅಂಗೈ ಮೇಲಿಟ್ಟು ಚಾಚಿದಳು.

"ಅಮ್ಮನ ಚೀಲದಲ್ಲಿತ್ತು. ಕ್ಷಮಿಸಿ. ಯಾಕೆ ಹೀಗೆ ಮಾಡಿದ್ಲೋ..."

ಮುದುಕಿ ಕನ್ನಡಕ ಏರಿಸಿ ನೋಡಿದರು. ಮುಖ ಅರಳಿತು. "ಅಯ್ಯೋ, ಇನ್ನೂ ಇಟ್ಕೊಂಡಿದ್ಳಾ! ಬಾ ಮೇಲೆ."

ಹಸಿರು ಕೋಣೆಯ ಕಿಟಕಿಗಳು ಮುಚ್ಚಿದ್ದವು. ಲೇಡಿ ಮಾರ್ಗರಿ ಒಂದನ್ನು ತೆರೆದರು. ಕುರ್ಚಿ, ಅದರ ಮೇಲೆ ಪೈನ್ ಕಾಯಿ.

"ದೂಳು ಹೊಡೆಯೋವಾಗ ನನ್ನ ಕೈಯಲ್ಲೇ ಕಿತ್ತು ಬಂತು ಕಣಮ್ಮ ಅದು. ನಿಮ್ಮಮ್ಮ ಬಿಳಿಚಿಕೊಂಡು ನಡುಗ್ತಾ ಇದ್ಳು. ಪಾಪ ಅನ್ನಿಸಿ ನಿಜ ಹೇಳ್ಬಿಟ್ಟೆ. ಇದು ನಕಲು. ಅಸಲಿ ಕುರ್ಚೀನ ನಮ್ಮ ತಾತ ಛಾವಣಿ ರಿಪೇರಿಗೆ ಅಂತ ಮಾರಿದ್ರು. ಊರ ಬಡಗಿ ಒಬ್ಬ ಇದನ್ನ ಮಾಡಿಕೊಟ್ಟ. ಗುಲಾಬೀನ ನೀನೇ ಇಟ್ಕೋ ಅಂತ ನಾನೇ ಕೊಟ್ಟೆ."

"ಹಾಗಾದ್ರೆ ಕಳ್ಳತನ?"

"ನನ್ನದೇ ಕತೆ. ಕಳ್ಳ ಬಂದಿದ್ದ ಮನೆ ಅಂದ್ರೆ ನೋಡೋ ಜನ ಇನ್ನೂ ಜಾಸ್ತಿ. ಮೇವಿಸ್‌ಗೆ ಸುಳ್ಳು ಹೇಳೋಕೆ ಬರ್ತಿರಲಿಲ್ಲ. ಮೊದಲ ತಿಂಗಳು ಕಿವಿ ಕೆಂಪಾಗ್ತಿತ್ತು." ಅವರು ನಕ್ಕರು.

ವೆಂಡಿಗೆ ಉಸಿರು ಹಗುರಾಯಿತು. ಬೆಳಗಿನಿಂದ ಎದೆಯ ಮೇಲಿದ್ದ ಭಾರವನ್ನು ಯಾರೋ ಇಳಿಸಿಕೊಂಡಂತಾಯಿತು. ನಗುವೂ ಬಂತು, ಅದರ ಜೊತೆಗೇ ಹಳೆಯ ಒಂದು ಮಾತೂ.

"ನಾನು ಬಸುರಿಯಾಗಿದ್ದಾಗ ಇದರಲ್ಲಿ ಕೂರೋಕೆ ಬಿಡಲಿಲ್ಲ. ಆಗ ಅವಳಿಗೆ ಗೊತ್ತಿತ್ತಾ?"

"ಇಲ್ಲಮ್ಮ. ಗುಲಾಬಿ ಕಿತ್ತಿದ್ದು ಅದಾಗಿ ಮೂರು ವರ್ಷಕ್ಕೆ." ಲೇಡಿ ಮಾರ್ಗರಿ ಕಿಟಕಿಯ ಹೊರಗೆ ನೋಡಿದರು. "ನಕಲು ಅಂದ ಕೂಡ್ಲೆ ಅವಳು ಕುರ್ಚಿ ಬಗ್ಗೆ ಒಂದು ಮಾತೂ ಕೇಳಲಿಲ್ಲ. 'ಅಯ್ಯೋ ದೇವರೇ, ನನ್ನ ಮಗೂನ ಕೂರಿಸಬಹುದಿತ್ತಲ್ಲ' ಅಂದ್ಳು. ಅಷ್ಟೇ. ಆಮೇಲೆ ಆ ಹಿಂದಿನ ಮೆಟ್ಟಿಲಿಗೆ ಹೋಗಿ ತುಂಬಾ ಹೊತ್ತು ಕೂತಿದ್ಳು."

ಕೆಳಗೆ ಬೆರಿಲ್‌ಳ ದನಿ ಕೇಳಿಸಿತು. "ವೆಂಡೀ! ಎಲ್ಲಿ ಹೋದ್ಯೇ? ಚಹಾ ಆರ್ತಿದೆ!"

ವೆಂಡಿ ಪೈನ್ ಕಾಯಿಯನ್ನು ಎತ್ತಿ ಮಡಿಲಲ್ಲಿಟ್ಟುಕೊಂಡು ಕೂತಳು. ಕುರ್ಚಿ ಒಮ್ಮೆ ಕಿರ್ ಎಂದು ಸುಮ್ಮನಾಯಿತು. ಅವಳು ಬಗ್ಗಿ, ಬೆಳಗಿನಿಂದ ಕಚ್ಚುತ್ತಿದ್ದ ಕಪ್ಪು ಬೂಟುಗಳನ್ನು ಒಂದೊಂದಾಗಿ ಬಿಚ್ಚಿ ಪಕ್ಕಕ್ಕಿಟ್ಟಳು.