ಸೋಮವಾರದ ಇಬ್ಬನಿ

"ನನ್ನ ಹೆಣ ಬಿದ್ದ ಮೇಲೆ ಹೊಡ್ಕೋ ಔಷಧಿನ! ಸೋಮವಾರ ಬಸವಣ್ಣನ ದಿನ. ನಮ್ಮನೇರು ಯಾರೂ ಗದ್ದೆಗೆ ಇಳಿಯಂಗಿಲ್ಲ!" ಮರುಳಪ್ಪ ಔಷಧಿ ಪಂಪಿನ ಮುಚ್ಚಳ ಕಿತ್ತು ಜೇಬಿಗೆ ಹಾಕಿಕೊಂಡ.

"ರಜಾ ಇರಾದು ಎತ್ತಿಗೆ ಮಾವ. ಪಂಪು ಹೊರೋಳು ನಾನು. ನಾನೇನು ಎತ್ತಾ?" ಸೊಸೆ ರೂಪಶ್ರೀಯೂ ಬಿಡಲಿಲ್ಲ.

ಹತ್ತು ಗುಂಟೆ ಗದ್ದೆಯ ಜಗಳ ಅದು. ಮರುಳಪ್ಪನ ಮಗ, ರೂಪಶ್ರೀಯ ಗಂಡ ಗುರುಬಸವರಾಜ ಕೆರೆಬಿಳಚಿಯ ಮುದುಕಿಯೊಬ್ಬಳಿಂದ ಎರಡು ಹಿಡಿ ಹಳೇ ಕೆಂಪು ಭತ್ತ ತಂದು, ಮೂರು ವರ್ಷ ಬೆಳೆದು ಹೆಚ್ಚಿಸಿದ್ದ. ಮುದುಕಿ ಹೋದಳು. ಹೋದ ವರ್ಷ ನ್ಯಾಮತಿ ರಸ್ತೆಯಲ್ಲಿ ಬೈಕು ಉರುಳಿ ಅವನೂ ಹೋದ. ಆ ತಳಿ ಬೇರೆಲ್ಲೂ ಉಳಿದಿರಲಿಲ್ಲ. "ಮಗನ ಭತ್ತ, ಪೂರಾ ಬಿತ್ತು" ಎಂದು ಒಂದು ಕಾಳೂ ಎತ್ತಿಡದೆ ಬಿತ್ತಿಸಿದವನು ಮರುಳಪ್ಪನೇ.

ರೂಪಶ್ರೀ ಮದುವೆಗೆ ಮುಂಚೆ ಕೃಷಿ ಕಾಲೇಜಿನ ಲ್ಯಾಬಿನಲ್ಲಿದ್ದವಳು. ದನಿ ತಗ್ಗಿಸಿದಳು. "ಪಕ್ಕದ ರುದ್ರಮುನಿಯಣ್ಣನ ಗದ್ದೆಗೆ ಬೆಂಕಿರೋಗ ಬಂದೈತೆ. ನಮ್ದು ತೆನೆ ಹೊರಡೋ ಹೊತ್ತು. ಅದು ಬೂಷ್ಟಿನ ರೋಗ. ಗಾಳೀಲಿ ಹಾರಿಬರೋ ಆ ಬೂಷ್ಟಿನ ಬೀಜಕ್ಕೆ ಒಂದು ರಾತ್ರಿ ಇಬ್ಬನಿ ಸಾಕು ಮಾವ. ಹೊರಗಿಂದ ಏನೂ ತಿನ್ನಲ್ಲ. ತನ್ನೊಳಗಿನ ಕೊಬ್ಬು, ಸಕ್ಕರೆ ಕರಗಿಸ್ಕೊಂಡು ಒಂದು ಗಂಟು ಕಟ್ತೈತೆ. ಗಂಟಿನ ಗೋಡೆ ಕಪ್ಪಾಯ್ತು ಅಂದ್ರೆ ಗಾಳಿ ತುಂಬಿದ ಟಯರಿನಂಗೆ ಬಿಗಿದು ಗಿಡಕ್ಕೆ ಚುಚ್ತೈತೆ. ಈ ಔಷಧಿ ಗೋಡೆ ಕಪ್ಪಾಗದಂಗೆ ತಡೀತೈತೆ, ಅಷ್ಟೇ. ಚುಚ್ಚಿದ ಮೇಲೆ ಹೊಡೆದ್ರೆ ನೀರು ಹೊಡೆದಂಗೆ."

"ನಿನ್ನ ಕಾಲೇಜಿನ ಪುರಾಣ ಬಸವಣ್ಣಂಗೆ ಹೇಳು. ನಾಳೆ ಹೊಡಿ."

ಆ ರಾತ್ರಿ ಇಬ್ಬನಿ ಸುರಿಯಿತು. ಮಂಗಳವಾರ ಅವನೇ ಮುಚ್ಚಳ ಕೊಟ್ಟ. ಅವಳು ಹೊಡೆದು ಬಂದಳು.

ಎರಡು ವಾರಕ್ಕೆ ತೆನೆಯ ಕುತ್ತಿಗೆಗಳು ಕಪ್ಪಾದವು. ತೆನೆಗಳು ಬಾಗದೆ ಬೆಳ್ಳಗೆ ನೆಟ್ಟಗೆ ನಿಂತವು. ರೂಪಶ್ರೀ ಒಂದನ್ನು ಅಂಗೈಯಲ್ಲಿ ಉಜ್ಜಿ ಮಾವನ ಮುಂದೆ ಹಿಡಿದಳು. ಬರೀ ಜೊಳ್ಳು.

"ಆ ಬೂಷ್ಟಿನ ಬೀಜನೂ ಹಿಂಗೇ ಮಾವ. ಇದ್ದಿದ್ದೆಲ್ಲ ಗಂಟಿಗೆ ಸುರಿದು ಕೊನೀಗೆ ಖಾಲಿ ಸಿಪ್ಪೆ. ಒಂದು ವರ್ಷದಿಂದ ನಾನೂ ನಿಮ್ಮನೇಲಿ ಹಂಗೇ ಇದೀನಿ. ಇನ್ನಿಲ್ಲಿ ನಿಮ್ಮ ಮಗಂದು ಏನೈತೆ ಅಂತ ಇರ್ಲಿ?"

"ನಾನಿಲ್ವೇನವ್ವಾ" ಎಂಬ ಮಾತು ಅವನ ಗಂಟಲವರೆಗೆ ಬಂತು. ಆದರೆ ಬಾಯಿಂದ ಬಿದ್ದದ್ದು ಬೇರೆ. "ಹೋಗು! ಎಂಟಕ್ಕೆ ಬಸ್ಸೈತೆ."

ಅವಳು ಬಿಳಿಚೋಡಿನ ತವರಿಗೆ ಬ್ಯಾಗು ಹಿಡಿದು ಹೊರಟಳು. ಹೊಸ್ತಿಲಲ್ಲಿ ಒಮ್ಮೆ ನಿಂತಳು. ಮರುಳಪ್ಪ ಮುಖ ತಿರುಗಿಸಿಕೊಂಡ.

ಮುಂದಿನ ಸೋಮವಾರ, ಊರೆಲ್ಲ ನೋಡುತ್ತಿದ್ದಂತೆ, ಅವನು ಪಂಪು ಹೊತ್ತು ಗದ್ದೆಗಿಳಿದು ಆ ಬಿಳೀ ತೆನೆಗಳಿಗೆ ಔಷಧಿ ಹೊಡೆದ. ಅದರ ಮುಂದಿನ ಸೋಮವಾರವೂ ಹೊಡೆದ.

ರೂಪಶ್ರೀ ತಿರುಗಿ ಬರಲಿಲ್ಲ.